ಕಾರವಾರದ ಮಳೆಯಲ್ಲಿ ಪಿಕೋಆಂಪ್ ಅಳೆಯಲು ಯಾವ ಆಪ್‌ಆಂಪ್?

ಫೋಟೋಡಯೋಡ್‌ನಿಂದ (ಬೆಳಕನ್ನು ಕರೆಂಟಾಗಿಸುವ ಸೆನ್ಸರ್) ಬರುವ 50 ಪಿಕೋಆಂಪ್ ಅಳೆಯಲು ಆಪ್‌ಆಂಪ್, ಅಂದರೆ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಚಿಪ್, ಎಲ್‌ಎಂಸಿ662 ಸಾಕೋ, ಎಡಿಎ4530-1 ಬೇಕೋ ಅಂತ ಕೇಳಿದ್ದೀರಿ, ಅದೂ ಕಾರವಾರದಲ್ಲಿ ಕೂತು, ಸಮುದ್ರದ ನೀರಿನ ಪಾಚಿ ಅಳೆಯಲು. ಪಿಕೋಆಂಪ್ ಅಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಭಾಗ. ಇದೇ ಉಪಕರಣ ಮಾಡಲು ಹೋಗಿ ದುಡ್ಡು ಕಳಕೊಂಡವನು ನಾನು.

ನನ್ನದು ಕುಮಟಾ ಕಡೆಯ ಒಂದು ಸಿಗಡಿ ಹೊಂಡಕ್ಕೆ. ನೀಲಿ ಎಲ್‌ಇಡಿ ಬೆಳಕು ಬಿಟ್ಟರೆ ಪಾಚಿಯ ಕ್ಲೋರೊಫಿಲ್ 685 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕು ಸೂಸುತ್ತದೆ. ಅದನ್ನು ಹಿಡಿಯಲು ಕೆಂಪು ಫಿಲ್ಟರಿನ ಹಿಂದೆ ಬಿಪಿಡಬ್ಲ್ಯು34 ಡಯೋಡ್, ಆಮೇಲೆ ಟಿಎಲ್‌071 ಆಪ್‌ಆಂಪ್, ಕರೆಂಟನ್ನು ವೋಲ್ಟೇಜಾಗಿಸುವ 1 ಗಿಗಾ ಓಮ್ ಫೀಡ್‌ಬ್ಯಾಕ್ ರೆಸಿಸ್ಟರ್, ಪ್ಲಸ್ ಮೈನಸ್ 5 ವೋಲ್ಟ್ ಸಪ್ಲೈ. ಬೇಸಿಗೆಯಲ್ಲಿ ಶಿರಸಿಯ ಮನೆಯಲ್ಲಿ ಕೂತು ಝೀರೊ ಹೊಂದಿಸಿದೆ. ಚೆನ್ನಾಗಿಯೇ ಇತ್ತು. ದೇವಿಮನೆ ಘಟ್ಟ ಇಳಿಸಿ ಹೊಂಡದ ಪಕ್ಕದ ಶೆಡ್ಡಿನಲ್ಲಿ ಇಟ್ಟು ಬಂದೆ. ರೋಹಿಣಿ ಮಳೆ ಹಿಡಿದದ್ದೇ ತಡ, ಹೊಂಡದ ತುಂಬ ಪಾಚಿ ಅಂತ ಮೀಟರ್ ಹೇಳಲು ಶುರುಮಾಡಿತು. ನೀರು ನೋಡಿದರೆ ಮೊದಲಿನ ಹಾಗೇ ಇದೆ. ಹೊಂಡದ ಯಜಮಾನರು, "ನಿಮ್ಮ ಮಿಷಿನ್ ಪಾಚಿ ಅಳೀತದೋ ಮಳೆ ಅಳೀತದೋ ಮಾರಾಯ್ರೇ?" ಅಂದರು.

ಅವರ ಮಾತೇ ಸರಿ ಇತ್ತು. ನಾನು ಮಾತ್ರ ಚಿಪ್ಪಿನ ಮೇಲೆ ಅನುಮಾನಪಟ್ಟೆ. ಟಿಎಲ್‌071ರ ಬಯಾಸ್ ಕರೆಂಟ್ (ಚಿಪ್ಪಿನ ಇನ್‌ಪುಟ್ಟಿನಲ್ಲೇ ಹರಿಯುವ ಕರೆಂಟ್) ಹತ್ತಾರು ಪಿಕೋಆಂಪ್, ನನ್ನ ಸಿಗ್ನಲ್ಲೂ ಅಷ್ಟೇ; ಹಾಗಾಗಿ ಅನುಮಾನ ಪೂರ್ತಿ ಮೂರ್ಖತನವೇನೂ ಅಲ್ಲ. ಕೂಡಲೇ ಎಲ್‌ಎಂಸಿ6001 ತರಿಸಿದೆ. ಪ್ರತಿಯೊಂದು ಚಿಪ್ಪನ್ನೂ ಪರೀಕ್ಷೆ ಮಾಡಿ, ಬಯಾಸ್ ಕರೆಂಟ್ 25 ಫೆಮ್ಟೊಆಂಪ್ (ಪಿಕೋಆಂಪಿನ ಸಾವಿರದಲ್ಲೊಂದು ಭಾಗ ಒಂದು ಫೆಮ್ಟೊಆಂಪ್) ದಾಟುವುದಿಲ್ಲ ಅಂತ ಖಾತ್ರಿ ಕೊಟ್ಟು ಮಾರುವ ಮಾಲು, ಬೆಲೆಯೂ ಹಾಗೇ. ಪಿನ್‌ಗಳು ಹೊಂದುತ್ತವೆ, ಸಾಕೆಟ್ಟಿಗೆ ಕೂರಿಸಿದೆ. ರೀಡಿಂಗ್ ಕೆಳಗಿಳಿಯಲೇ ಇಲ್ಲ.

ಇಲ್ಲಿ ನಾನು ಗಮನಿಸದೆ ಬಿಟ್ಟದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಖರ್ಚೆಲ್ಲ ಆದದ್ದು ಅದರಿಂದಲೇ. ಟಿಎಲ್‌071ರಂಥ ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇನ್‌ಪುಟ್ಟಿನ ಚಿಪ್ಪಿನ ಬಯಾಸ್ ಕರೆಂಟ್ ಸುಮಾರು 10 ಡಿಗ್ರಿಗೊಮ್ಮೆ ದುಪ್ಪಟ್ಟಾಗುತ್ತದೆ. ಮಳೆ ಬಂದಾಗ ಶೆಡ್ಡು ತಂಪಾಗಿತ್ತು. ಹಾಗಾದರೆ ತಪ್ಪು ಕಡಿಮೆಯಾಗಬೇಕಿತ್ತಲ್ಲ? ಏರಿತು. ಸೆಖೆಗೆ ಅಲ್ಲ, ತೇವಕ್ಕೆ ಏರಿತು ಅಂದಮೇಲೆ ಕಳ್ಳ ಸಿಲಿಕಾನ್ ಒಳಗೆ ಇಲ್ಲ, ಬೋರ್ಡಿನ ಮೈಮೇಲಿದ್ದಾನೆ. ಸಿಗ್ನಲ್ ಒಳಬರುವ ಪಿನ್ 2ರಿಂದ ಸೆನ್ಸರ್ ಕನೆಕ್ಟರ್‌ವರೆಗೆ ನಾನು ಎಳೆದ ಟ್ರ್ಯಾಕು ಮೈನಸ್ 5 ವೋಲ್ಟ್ ಟ್ರ್ಯಾಕಿನ ಮಗ್ಗುಲಲ್ಲೇ ಉದ್ದಕ್ಕೂ ಸಾಗಿತ್ತು. ನಡುವೆ ಒರೆಸದೆ ಉಳಿದ ಬೆಸುಗೆಯ ಫ್ಲಕ್ಸು, ನನ್ನದೇ ಬೆರಳಿನ ಬೆವರು, ಅದರ ಮೇಲೆ ಉಪ್ಪುಗಾಳಿ. ಅವೆರಡರ ಮಧ್ಯದ ರೆಸಿಸ್ಟೆನ್ಸ್ 10 ಗಿಗಾ ಓಮ್‌ಗೆ ಇಳಿದರೂ ಸಾಕು, 5 ವೋಲ್ಟ್‌ಗೆ 500 ಪಿಕೋಆಂಪ್ ಸೋರುತ್ತದೆ. ಸಾಮಾನ್ಯ ಮಲ್ಟಿಮೀಟರ್ ಇಟ್ಟರೆ ಓಪನ್ ಅಂತಲೇ ತೋರಿಸುತ್ತದೆ. 500 ಪಿಕೋಆಂಪ್ ಅಂದರೆ ನಿಮ್ಮ ಸಿಗ್ನಲ್ಲಿನ ಹತ್ತು ಪಟ್ಟು. ಇದರ ಮುಂದೆ ಚಿಪ್ಪಿನ 25 ಫೆಮ್ಟೊಆಂಪ್ ಯಾವ ಲೆಕ್ಕ? ಮಾಡಿಗೆ ಹೆಂಚೇ ಇಲ್ಲದ ಮನೆಯ ಬಾಗಿಲಿಗೆ ಬೆಳ್ಳಿ ಬೀಗ ಹಾಕಿದ ಹಾಗೆ ಆಗಿತ್ತು ನನ್ನ ಕೆಲಸ.

ಕಡೆಗೆ ಗೊತ್ತಾದದ್ದು ಸೆನ್ಸರ್ ಬಿಚ್ಚಿಟ್ಟು ನೋಡಿದಾಗ. ಡಯೋಡೇ ಇಲ್ಲ, ಔಟ್‌ಪುಟ್ ಇದ್ದಲ್ಲೇ ಇದೆ. ಬೋರ್ಡಿನ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟೆ, ಮೀಟರ್ ಜಿಗಿಯಿತು.

ಆದ್ದರಿಂದ ಯಾವ ಆಪ್‌ಆಂಪ್ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದೇ ಇಲ್ಲ. ಎಲ್‌ಎಂ358 ಬೇಡ, ಅದರ ಬಯಾಸ್ ಕರೆಂಟೇ ಹತ್ತಾರು ನ್ಯಾನೊಆಂಪ್. ಅದೊಂದು ಬಿಟ್ಟರೆ ಎಲ್‌ಎಂಸಿ662 ಧಾರಾಳ ಸಾಕು, ಮಾಮೂಲಿಯಾಗಿ 2 ಫೆಮ್ಟೊಆಂಪ್. ಉದ್ದ ಕಾಲಿನ ಡಿಪ್ ಪ್ಯಾಕೇಜಿನದೇ ತಗೊಳ್ಳಿ. ಯಾಕೆಂದರೆ ಪಿನ್ 2ರ ಕಾಲನ್ನು ಮೇಲಕ್ಕೆ ಬಗ್ಗಿಸಿ, ಫೀಡ್‌ಬ್ಯಾಕ್ ರೆಸಿಸ್ಟರ್ ಮತ್ತು ಡಯೋಡಿನ ತಂತಿಯನ್ನು ಗಾಳಿಯಲ್ಲೇ ಬೆಸೆಯಬಹುದು. ಆಧಾರ ಬೇಕಾದರೆ ಟೆಫ್ಲಾನ್ ಕಂಬ. ಎಡಿಎ4530-1 ಒಳ್ಳೆಯ ಚಿಪ್ಪು, 85 ಡಿಗ್ರಿಯವರೆಗೂ 20 ಫೆಮ್ಟೊಆಂಪ್ ಮಿತಿ, ಗಾರ್ಡ್‌ಗೆ (ಸೋರಿಕೆ ತಡೆಯುವ ತಾಮ್ರದ ಉಂಗುರ) ವೋಲ್ಟೇಜ್ ಕೊಡುವ ಬಫರ್ ಒಳಗೇ ಇದೆ. ಆದರೆ ಆ ಗಾರ್ಡನ್ನು ಬೋರ್ಡಿನ ಮೇಲೆ ಸರಿಯಾಗಿ ಎಳೆಯುವವರು ನೀವೇ ತಾನೆ?

ಗಾಳಿಯಲ್ಲಿ ಬೆಸೆಯದೆ ಪಿಸಿಬಿಯೇ (ಅಚ್ಚಾದ ಟ್ರ್ಯಾಕಿನ ಬೋರ್ಡು) ಬೇಕು ಅಂದರೆ ಪಿನ್ 2ರ ಟ್ರ್ಯಾಕಿನ ಸುತ್ತ ತಾಮ್ರದ ಉಂಗುರ ಹಾಕಿ, ಅದನ್ನು ಚಿಪ್ಪಿನ ಇನ್ನೊಂದು ಇನ್‌ಪುಟ್ ಆದ ಪಿನ್ 3 ಇರುವ ವೋಲ್ಟೇಜಿಗೇ ಜೋಡಿಸಿ. ಸೋರಿ ಬಂದದ್ದು ಉಂಗುರದಲ್ಲೇ ಇಳಿದುಹೋಗುತ್ತದೆ. ಉಂಗುರಕ್ಕೂ ಅದರೊಳಗಿನ ಟ್ರ್ಯಾಕಿಗೂ ಒಂದೇ ವೋಲ್ಟೇಜ್ ಇರುವುದರಿಂದ ಮುಂದೆ ದಾಟುವುದಿಲ್ಲ. ಉಂಗುರದ ಮೇಲೆ ಬೋರ್ಡಿನ ಹಸಿರು ಲೇಪ (ಮಾಸ್ಕ್) ಇರಬಾರದು. ನೋ-ಕ್ಲೀನ್ ಫ್ಲಕ್ಸ್ ಅಂತ ಬರೆದದ್ದನ್ನು ಕರಾವಳಿಯಲ್ಲಿ ನಂಬಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಆಮೇಲೆ ಮುಟ್ಟದೆ ಸಿಲಿಕಾ ಜೆಲ್ ಹಾಕಿದ ತಗಡಿನ ಡಬ್ಬಿಯೊಳಗೆ ಮುಚ್ಚಿ. ಒಣಗಿಸದೆ ವಾರ್ನಿಷ್ ಬಳಿದರೆ ತೇವವನ್ನು ಒಳಗೇ ಇಟ್ಟು ಹೊಲಿದಂತೆ.

ಇನ್ನೊಂದು, 1 ಗಿಗಾ ಓಮ್ ಹುಚ್ಚು ಬಿಡಿ. 100 ಮೆಗಾ ಓಮ್‌ನಲ್ಲಿ 50 ಪಿಕೋಆಂಪ್ 5 ಮಿಲಿವೋಲ್ಟ್ ಆಗುತ್ತದೆ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್1115 ಚಿಪ್ಪು ತನ್ನ ಕನಿಷ್ಠ ರೇಂಜಿನಲ್ಲಿ 7.8 ಮೈಕ್ರೊವೋಲ್ಟ್ ಮೆಟ್ಟಿಲಲ್ಲಿ ಓದುತ್ತದೆ, ಅಂದರೆ 0.08 ಪಿಕೋಆಂಪ್. ರೆಸಿಸ್ಟರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಪ್ರತಿಕ್ರಿಯೆ 10 ಮಿಲಿಸೆಕೆಂಡಿನಷ್ಟು ನಿಧಾನ, ಪಾಚಿಗೆ ಅವಸರವೇನಿಲ್ಲ. ಎಲ್‌ಇಡಿಯನ್ನು ಹಚ್ಚಿ ಆರಿಸಿ ಎರಡೂ ರೀಡಿಂಗಿನ ವ್ಯತ್ಯಾಸ ತೆಗೆಯಿರಿ. ಉಳಿದ ಸೋರಿಕೆ ಎರಡರಲ್ಲೂ ಒಂದೇ ಇರುವುದರಿಂದ ಕಳೆದುಹೋಗುತ್ತದೆ. ನನ್ನ ಹೊಸ ಬೋರ್ಡು ಹೀಗೇ ಇದೆ, ಚಿಪ್ಪು ಎಲ್‌ಎಂಸಿ662. ಆ ದುಬಾರಿ ಎಲ್‌ಎಂಸಿ6001 ಡ್ರಾಯರ್‌ನಲ್ಲಿದೆ.

ಏನನ್ನೂ ಆರ್ಡರ್ ಮಾಡುವ ಮೊದಲು ಸೆನ್ಸರ್ ಬಿಚ್ಚಿ ಔಟ್‌ಪುಟ್ ಎಷ್ಟಿದೆ ನೋಡಿ. ಆಮೇಲೆ ಸಪ್ಲೈಯನ್ನು 5ರಿಂದ 4 ವೋಲ್ಟ್‌ಗೆ ಇಳಿಸಿ ಮತ್ತೆ ನೋಡಿ. ಅದೇ ಅನುಪಾತದಲ್ಲಿ ಇಳಿದರೆ ಸೋರುತ್ತಿರುವುದು ಬೋರ್ಡು. ಆ ಎರಡು ಅಂಕಿಯನ್ನು ಇಲ್ಲೇ ಕೆಳಗೆ ಬರೆಯಿರಿ, ಅಂದು ಮಳೆ ಇತ್ತೋ ಇಲ್ಲವೋ ಅನ್ನುವುದನ್ನೂ ಸೇರಿಸಿ.