ಅಣ್ಣನನ್ನೇ ಒಮ್ಮೆ ಕೇಳಿ

ಕೊಡಗಿನ ಮಾದಾಪುರದ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ: “ನನ್ನ ಅಣ್ಣನಿಗೆ 34 ವರ್ಷ. ಆಟಿಸಂ (ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆಯುವ ಸ್ಥಿತಿ) ಇದೆ ಅಂತ ಗೊತ್ತಾಗಿದ್ದು ಹೋದ ವರ್ಷ. ಹುತ್ತರಿ ಸುಗ್ಗಿ ಹಬ್ಬದ ರಾತ್ರಿ ಹೊಸ ಭತ್ತದ ಕದಿರು ತೆಗೆದು ಕೋವಿ ಹಾರಿಸಿದಾಗ ಕಿವಿ ಮುಚ್ಚಿಕೊಂಡು ಜೀಪಿನ ಹಿಂದೆ ಕೂತುಬಿಟ್ಟ. ನೆಂಟರು ನಕ್ಕರು. ಮದುವೆ ಮಾಡಿ, ಸರಿಹೋಗ್ತಾನೆ ಅಂತಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದು ಅವನ ಹಟ. ಬೇರೆ ಯಾರಾದರೂ ಆ ನೀರು ಚೆಲ್ಲಿದರೆ ದಿನವಿಡೀ ಮಾತಿಲ್ಲ. ಅಮ್ಮನಿಗೆ ವಯಸ್ಸಾಯಿತು. ಮುಂದೆ ಹೇಗೆ?”

ಪ್ರಿಯ ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೆಂಟರು ಏನಂದರು, ಅಮ್ಮನ ಚಿಂತೆ ಏನು, ಎಲ್ಲ ಇದೆ. ಅಣ್ಣ ಏನಂದರು ಅನ್ನುವುದು ಮಾತ್ರ ಒಂದು ಸಾಲೂ ಇಲ್ಲ. ನಿಮ್ಮನ್ನು ದೂರುತ್ತಿಲ್ಲ. ನಮ್ಮ ಪತ್ರಿಕೆಯೂ ಇಷ್ಟು ವರ್ಷ ‘ಆಟಿಸಂ ಮಕ್ಕಳು’ ಅಂತಲೇ ಬರೆಯಿತು. ಆ ಮಕ್ಕಳು ದೊಡ್ಡವರಾಗುತ್ತಾರೆ, ಅವರಿಗೂ ತಲೆ ನರೆಯುತ್ತದೆ ಅನ್ನುವುದನ್ನು ನಾವೂ ಮರೆತೆವು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದ ಲೇಖನದ ಮೊದಲನೇ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಅವರು ಅಮೆರಿಕದ ತಮ್ಮ ಪುಟ್ಟ ಊರಿನ ಬ್ಯಾಂಕಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು, ಕಾರು ಓಡಿಸಿದರು, ದೇಶ ಸುತ್ತಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ. ಊರಿನವರು ಅವರನ್ನು ಇದ್ದ ಹಾಗೇ ತಮ್ಮವರು ಅಂದುಕೊಂಡಿದ್ದರು.

ಹುತ್ತರಿಯ ವಿಷಯಕ್ಕೆ ಬರುತ್ತೇನೆ. ಅಣ್ಣ ಹೆದರಿದ್ದಲ್ಲ, ಅವರಿಗೆ ನೋವಾಗಿದೆ. ಆಟಿಸಂ ಇರುವ ಎಷ್ಟೋ ಜನರಿಗೆ ಸದ್ದು, ಬೆಳಕು, ವಾಸನೆ ನಮಗಿಂತ ಜಾಸ್ತಿ ತಾಗುತ್ತವೆ. ಅದರಲ್ಲೂ ಹೇಳದೆ ಕೇಳದೆ ಬರುವ ಸದ್ದು. ಆದರೆ ನೋಡಿ, ಹುತ್ತರಿ ಹೇಳದೆ ಬರುವ ಹಬ್ಬವೇ ಅಲ್ಲ. ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿಯಾಗುತ್ತದೆ, ನಿಮಿಷದ ಲೆಕ್ಕದಲ್ಲಿ. ಆ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಮೊದಲೇ ಅವರ ಕೈಗೆ ಕೊಡಿ. ಕೋವಿ ಯಾರು ಹಾರಿಸುತ್ತಾರೆ, ಎಲ್ಲಿಂದ, ಎಷ್ಟು ಸಲ ಅಂತ ಸೇರಿಸಿ. ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಓಡಿಸುವವರು ಕಿವಿಗೆ ಹಾಕುವ ಮಫ್ ಇರುತ್ತಲ್ಲ, ಅದೇ ಸಾಕು. ಗದ್ದೆಗೆ ಬರುತ್ತಾರೋ, ಜಗಲಿಯಲ್ಲೇ ನಿಲ್ಲುತ್ತಾರೋ, ಅವರೇ ಹೇಳಲಿ. ‘ಪೊಲಿ ಪೊಲಿ ದೇವಾ’ ಅನ್ನುತ್ತಾ ಕದಿರು ಮನೆಗೆ ಬರುವಾಗ ಸೇರಿಕೊಂಡರೂ ಅದು ಹಬ್ಬವೇ. ನಕ್ಕ ನೆಂಟರಿಗೆ ಮೊದಲೇ ಹೇಳುವ ಕೆಲಸ ನಿಮ್ಮದು.

ಮಳೆ ಅಳೆಯುವುದನ್ನು ನೀವು ಹಟ ಅಂದಿರಿ. ನನಗೆ ಅದು ಹಟ ಅನ್ನಿಸಲಿಲ್ಲ. ಕಾಫಿ ಬೆಳೆಯುವವರಿಗೆ ಮಳೆಯ ಇಂಚು, ಸೆಂಟುಗಳ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಾ? ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದಾದ ಮೇಲೆ ಬರಬೇಕಾದ ಮಳೆ ಬಂತಾ ಇಲ್ವಾ ಅನ್ನುವುದರ ಮೇಲೆ ಫಸಲೇ ನಿಂತಿದೆ. ನಿಮ್ಮ ಮನೆಯಲ್ಲಿ ಒಂದು ದಿನವೂ ತಪ್ಪಿಸದೆ ಆ ಲೆಕ್ಕ ಇಡುವ ಮನುಷ್ಯ ಇದ್ದಾರೆ. ಆ ನೀರನ್ನು ಯಾರೋ ಚೆಲ್ಲಿದರೆ ಆ ದಿನದ ಪುಟ ಖಾಲಿ ಉಳಿಯುತ್ತದೆ. ಬೇಜಾರಾಗದೆ ಇರುತ್ತದಾ? ಆಗ ಮಾತಾಡಿಸಲು ಹೋಗಬೇಡಿ, ಸುಮ್ನೆ ಬಿಡಿ. ತಲೆ ತುಂಬಿದಾಗ ಮಾತು ಹೊರಡುವುದಿಲ್ಲ. ಅದು ಮುನಿಸಲ್ಲ.

ಮದುವೆ ಔಷಧಿ ಅಲ್ಲ. ಆಟಿಸಂ ಇರುವವರು ಮದುವೆಯಾಗಿ ಸಂಸಾರ ಮಾಡಿದ್ದಾರೆ, ನಿಜ. ಅಣ್ಣನಿಗೆ ಬೇಕಿದ್ದರೆ, ಹುಡುಗಿಗೂ ಎಲ್ಲ ಮೊದಲೇ ಗೊತ್ತಿದ್ದರೆ ಮಾತ್ರ ಆ ಮಾತು. ಆಟಿಸಂ ವಾಸಿಮಾಡುವ ಮಾತ್ರೆಯೂ ಇಲ್ಲ. ಯಾರಾದರೂ ಹಾಗಂತ ದುಡ್ಡು ಕೇಳಿದರೆ ಕೊಡಬೇಡಿ. ಆದರೆ ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಮಂಕಾದರೆ ತಡಮಾಡಬೇಡಿ. ಆತಂಕ, ಖಿನ್ನತೆ ಇವರಲ್ಲಿ ಜಾಸ್ತಿ, ಅದಕ್ಕೆ ಚಿಕಿತ್ಸೆ ಇದೆ.

ಇನ್ನು ‘ಮುಂದೆ ಹೇಗೆ’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯದ ಪ್ರಮಾಣಪತ್ರ, ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಸಿಗುತ್ತದೆ. 18 ದಾಟಿದವರಿಗೂ ಕಾನೂನಿನ ಪೋಷಕರನ್ನು, ಅಂದರೆ ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವವರನ್ನು, ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿ ಇದೆ, ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಸಮಿತಿಯ ಮೂಲಕ. ಆದರೆ ಆಟಿಸಂ ಇದೆ ಅಂದ ಕೂಡಲೇ ಪೋಷಕರು ಬೇಕು ಅಂತಿಲ್ಲ. ಅರ್ಥಮಾಡಿಕೊಂಡು ಸಹಿ ಹಾಕುವ ಮನುಷ್ಯನ ಸಹಿಯನ್ನು ಕಿತ್ತುಕೊಳ್ಳಬೇಡಿ. ಬ್ಯಾಂಕಿಗೆ ಜೊತೆಗೆ ಹೋಗಿ, ಪಕ್ಕದಲ್ಲಿ ನಿಲ್ಲಿ, ಚೀಟಿ ಅವರೇ ತುಂಬಲಿ. ಅಮ್ಮ ಗಟ್ಟಿಯಾಗಿರುವಾಗಲೇ ಒಂದು ಅಡುಗೆ, ಒಂದು ಕರೆಂಟ್ ಬಿಲ್ಲು, ಹೀಗೆ ಶುರುವಾಗಲಿ.

ಅಣ್ಣನನ್ನು ಕೇಳುವಾಗ ‘ನಿನಗೇನು ಬೇಕು’ ಅಂತ ಕೇಳಬೇಡಿ, ಆ ಪ್ರಶ್ನೆಗೆ ತುದಿಬುಡ ಇಲ್ಲ. ‘ಅಮ್ಮ ಆಸ್ಪತ್ರೆಗೆ ಹೋದರೆ ಆ ವಾರ ಇಲ್ಲೇ ಇರುತ್ತೀಯಾ, ನನ್ನ ಮನೆಗೆ ಬರುತ್ತೀಯಾ’ ಅಂತ ಕೇಳಿ. ಬರೆದು ಕೇಳಿದರೆ ಇನ್ನೂ ಒಳ್ಳೆಯದು. ಉತ್ತರಕ್ಕೆ ಎರಡು ದಿನ ಬಿಡಿ.

ಇದರ ಜೊತೆ ಇನ್ನೊಂದು ಕವರ್ ಇಟ್ಟಿದ್ದೇನೆ, ಅದು ಅಣ್ಣನಿಗೆ. 2018ರ ಆಗಸ್ಟ್‌ನಲ್ಲಿ, ಗುಡ್ಡ ಕುಸಿದ ಆ ವಾರ, ನಿಮ್ಮ ತೋಟದಲ್ಲಿ ದಿನಕ್ಕೆ ಎಷ್ಟು ಇಂಚು ಮಳೆ ಬಿತ್ತು ಅಂತ ಕೇಳಿದ್ದೇನೆ. ಅವರು ಒಪ್ಪಿದರೆ ಅದನ್ನು ಅವರ ಹೆಸರಿನಲ್ಲೇ ಅಚ್ಚುಮಾಡುತ್ತೇವೆ. ಕವರ್ ಒಡೆಯದೆ ಕೊಡಿ.

ನಿಮ್ಮ,
ಸಂಪಾದಕ