ಟೊಮೆಟೊಗೆ ಬರುವ ಟೂಟಾ ಪತಂಗ ನೋಡೋಕೆ ಹೇಗಿರುತ್ತೆ? ಎಲ್ಲೆಲ್ಲಿ ಇದೆ?

ಟೂಟಾ ಅಬ್ಸಲ್ಯೂಟಾ 5ರಿಂದ 7 ಮಿ.ಮೀ. ಉದ್ದದ ಬೂದು ಪತಂಗ. ರೆಕ್ಕೆ ಬಿಚ್ಚಿದರೂ 10 ಮಿ.ಮೀ. ಆಸುಪಾಸು. ಮುಂದಿನ ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ, ಮೀಸೆ ಮಣಿ ಪೋಣಿಸಿದ ಹಾಗೆ. ಹಗಲಲ್ಲಿ ಎಲೆಗಳ ಮರೆಯಲ್ಲೇ ಅಡಗಿರುತ್ತದೆ, ಹಾಗಾಗಿ ಪತಂಗ ಹುಡುಕುವ ಬದಲು ಎಲೆ ನೋಡಿ.

ಹೆಚ್ಚಿನವರು ಎಡವುವುದು ಇಲ್ಲೇ. ರಂಗೋಲಿ ಹುಳು (ಅದು ನೊಣದ ಮರಿ) ಎಲೆಯಲ್ಲಿ ಸುತ್ತಿ ಸುತ್ತಿ ಹೋಗುವ ಸಣ್ಣ ಬಿಳಿ ಗೆರೆ ಎಳೆಯುತ್ತದೆ. ಟೂಟಾ ಹುಳು ತಿಂದ ಜಾಗ ಅಗಲವಾದ, ತೆಳು ಪೊರೆಯ ಮಚ್ಚೆ. ಅಂಥ ಎಲೆಯನ್ನು ಬಿಸಿಲಿಗೆ ಹಿಡಿದರೆ ಒಳಗಿನ ಹುಳು, ಅದರ ಕಪ್ಪು ಹಿಕ್ಕೆ ಎರಡೂ ಕಾಣುತ್ತವೆ. ಹುಳುವಿನ ತಲೆಯ ಹಿಂದೆ ಕಪ್ಪು ಪಟ್ಟಿ ಇದ್ದರೆ ಅನುಮಾನ ಬೇಡ. ಕಾಯಿಯಲ್ಲಾದರೆ ಹೆಚ್ಚಾಗಿ ತೊಟ್ಟಿನ ಬಳಿ ಸಣ್ಣ ತೂತು.

ತವರು ದಕ್ಷಿಣ ಅಮೆರಿಕ. 1917ರಲ್ಲಿ ಮೊದಲು ವಿವರಿಸಿದ್ದು ಪೆರುವಿನ ಮಾದರಿಯಿಂದ. 2006ರಲ್ಲಿ ಸ್ಪೇನ್‌ಗೆ ಬಂತು, ಆಮೇಲೆ ಆಫ್ರಿಕಾ, ಪಶ್ಚಿಮ ಏಷ್ಯಾ. ಭಾರತದಲ್ಲಿ 2014ರಲ್ಲಿ ಮಹಾರಾಷ್ಟ್ರ, ಕರ್ನಾಟಕದ ಹೊಲಗಳಲ್ಲಿ ಸಿಕ್ಕಿತು. ಆಲೂಗಡ್ಡೆ, ಬದನೆಯನ್ನೂ ತಿನ್ನುತ್ತದೆ.

ಹೆಣ್ಣು ಪತಂಗದ ವಾಸನೆಯಂಥದ್ದನ್ನು ಇಟ್ಟ ಮೋಹಕ ಬಲೆಗೆ (ಫೆರೊಮೋನ್ ಟ್ರ್ಯಾಪ್) ಬೀಳುವುದು ಗಂಡು ಮಾತ್ರ. ಬಲೆ ತುಂಬಿತೆಂದು ಕಾಟ ಮುಗಿಯಿತು ಅಂದುಕೊಳ್ಳಬೇಡಿ, ಮೊಟ್ಟೆಯಿಡುವ ಹೆಣ್ಣುಗಳು ಗಿಡದಲ್ಲೇ ಇರುತ್ತವೆ.