4294967297 ಅವಿಭಾಜ್ಯವೇ?

ಪ್ರಶ್ನೆ: 4294967297 ಅವಿಭಾಜ್ಯ ಸಂಖ್ಯೆಯೆಂದು ಗಣಿತಜ್ಞ ಫರ್ಮಾ ನಂಬಿದ್ದರಂತೆ. ಅದು ತಪ್ಪೆಂದು ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ತಿಳಿದದ್ದು ಹೇಗೆ?

ಉತ್ತರ: ಇದು 2ರ 32ನೆಯ ಘಾತಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆ. ಇದೇ ಮಾದರಿಯಲ್ಲಿ 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದಾಗ ಇದಕ್ಕೆ ಮೊದಲು ಬರುವ 3, 5, 17, 257, 65537 ಇವೆಲ್ಲವೂ ಅವಿಭಾಜ್ಯಗಳೇ ಆದ್ದರಿಂದ ಫರ್ಮಾ ಅವರ ಊಹೆ ಸಹಜವಾಗಿಯೇ ಇತ್ತು. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದರು. ಇದಕ್ಕಾಗಿ ಕಂಡ ಕಂಡ ಸಂಖ್ಯೆಗಳಿಂದೆಲ್ಲ ಭಾಗಿಸುತ್ತ ಕೂರಬೇಕಿಲ್ಲ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂದು ಸಾಧಿಸಬಹುದಾದ್ದರಿಂದ, ಪರೀಕ್ಷಿಸಬೇಕಾದ ಸಂಖ್ಯೆಗಳು 193, 257, 449, 577, 641 ಎಂದು ಸಾಗುತ್ತವೆ. ಐದನೆಯದರಲ್ಲೇ ಗುಟ್ಟು ರಟ್ಟಾಗುತ್ತದೆ.

ಭಾಗಾಕಾರವೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ನನಗೆ ಹೆಚ್ಚು ಮೆಚ್ಚಿಕೆಯಾದದ್ದೂ ಅದೇ. 640 ಎಂಬುದು 641ಕ್ಕಿಂತ ಒಂದು ಕಡಿಮೆಯಾದ್ದರಿಂದ ಶೇಷದ ಲೆಕ್ಕದಲ್ಲಿ ಅದನ್ನು −1 ಎಂದೇ ಎಣಿಸಬಹುದು; ಹಾಗಾಗಿ 640ರ ನಾಲ್ಕನೆಯ ಘಾತವನ್ನು 641ರಿಂದ ಭಾಗಿಸಿದರೆ ಶೇಷ 1 ಬರುತ್ತದೆ. 640 = 5 × 128 ಆದ್ದರಿಂದ ಆ ಘಾತವೆಂದರೆ 625 × 2ರ 28ನೆಯ ಘಾತ. ಇಲ್ಲಿ 625ರ ಬದಲು ಅದಕ್ಕಿಂತ 641ರಷ್ಟು ಕಡಿಮೆಯಿರುವ −16 ಅನ್ನು ಇಟ್ಟರೂ ಶೇಷ ಬದಲಾಗದು. 16 ಎಂದರೆ 2ರ ನಾಲ್ಕನೆಯ ಘಾತ. ಹೀಗಾಗಿ 2ರ 32ನೆಯ ಘಾತದ ಋಣಸಂಖ್ಯೆಗೂ ಶೇಷ 1 ಬರುತ್ತದೆ, ಅಂದರೆ ಆ ಘಾತಕ್ಕೆ 1 ಕೂಡಿಸಿದ ನಮ್ಮ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.